ಬಿಸಿನೀರು ಬರ್ತಾನೇ ಇತ್ತು

ಮೊದಲೇ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಲ್ಲಿವರೆಗೂ ಇಂಗ್ಲಿಷ್ ಮೀಡಿಯಮ್. ಕನ್ನಡ ಓದಿದ್ದು ಸೆಕೆಂಡ್ ಲ್ಯಾಂಗ್ವೇಜ್ ಆಗಿ, ಅದೂ ಮಾರ್ಕ್ಸಿಗೋಸ್ಕರ. ಎಲ್ಲಾದರೂ ಒತ್ತಕ್ಷರ ಜಾರಿದ್ದರೆ ಬೈಕೊಳ್ಳಿ, ಪರವಾಗಿಲ್ಲ. ಸಂಘದ ಸೀನಿಯರ್ ಒಬ್ಬರು "ನೀನು ಮೆಕ್ಯಾನಿಕಲ್ ಅಲ್ವಾ, ಥರ್ಮೋ ಬಗ್ಗೆ ಏನಾದ್ರೂ ಬರಿ" ಅಂದರು. ಥರ್ಮೋ ಬಗ್ಗೆ ಬರೆಯುವಷ್ಟು ನನಗೆ ಗೊತ್ತಿಲ್ಲ. ನಮ್ಮನೆ ಬಿಸಿನೀರಿನ ಬಗ್ಗೆ ಗೊತ್ತು. ಅದನ್ನೇ ಬರೀತೀನಿ.

ನಮ್ಮನೆ ಇರೋದು ಉತ್ತರಹಳ್ಳಿಯಲ್ಲಿ, ಸುಬ್ರಹ್ಮಣ್ಯಪುರದ ಕಡೆ ಹೋಗೋ ರೋಡಿಂದ ಎರಡು ಕ್ರಾಸ್ ಒಳಗೆ. ಮೂವತ್ತು ನಲವತ್ತರ ಸೈಟು. ಕೆಳಗೆ ಬಾಡಿಗೆಯವರು, ಅವರಿಗೆ ಬೇರೆ ಮೀಟರ್, ಬೇರೆ ಗೀಸರ್. ಮೇಲೆ ನಾವು ನಾಲ್ಕು ಜನ: ಅಪ್ಪ, ಅಮ್ಮ, ಅಜ್ಜಿ, ನಾನು. ಟೆರೇಸಲ್ಲಿ 200 ಲೀಟರಿನ ಸೋಲಾರ್ ವಾಟರ್ ಹೀಟರ್. ಬೆಂಗಳೂರಲ್ಲಿ ಇದೇನೂ ವಿಶೇಷ ಅಲ್ಲ. 2007ರಲ್ಲಿ ರಾಜ್ಯ ಸರ್ಕಾರ ನಗರಗಳ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿತು. ಮೆಟ್ರೋದಲ್ಲಿ ಬನಶಂಕರಿ ಕಡೆ ಬರುವಾಗ ಕಿಟಕಿಯಿಂದ ನೋಡಿ, ಮನೆ ಮನೆ ಮೇಲೂ ಒಂದು ಸಿಲಿಂಡರ್ ಮಲಗಿರುತ್ತೆ.

ಈ ಸೋಲಾರ್ ಕೆಲಸ ಮಾಡೋ ರೀತಿ ತುಂಬಾ ಸಿಂಪಲ್. ಪ್ಯಾನೆಲ್ ಒಳಗಿನ ತಾಮ್ರದ ಪೈಪಲ್ಲಿ ನೀರು ಕಾಯುತ್ತೆ, ಕಾದ ನೀರು ಹಗುರ, ಅದು ತಾನಾಗೇ ಮೇಲಿನ ಟ್ಯಾಂಕಿಗೆ ಏರುತ್ತೆ. ಟ್ಯಾಂಕಿನ ತಳದ ತಣ್ಣೀರು ಭಾರ, ಅದು ಪ್ಯಾನೆಲ್ಲಿಗೆ ಇಳಿಯುತ್ತೆ. ಬಿಸಿಲು ಇರೋ ತನಕ ಹೀಗೇ ಸುತ್ತುತ್ತೆ. ಇದಕ್ಕೆ ಥರ್ಮೋಸೈಫನ್ ಅಂತಾರೆ. ಪಂಪ್ ಇಲ್ಲ, ಮೋಟಾರ್ ಇಲ್ಲ, ಶಬ್ದ ಇಲ್ಲ. ಡಿಸ್‌ಪ್ಲೇ ಕೂಡ ಇಲ್ಲ. ಚೆನ್ನಾಗಿದ್ದಾಗಲೂ ಸುಮ್ಮನಿರುತ್ತೆ, ಕೆಟ್ಟಾಗಲೂ ಸುಮ್ಮನೇ ಇರುತ್ತೆ.

ಮೋಡ ಕವಿದ ದಿನಕ್ಕೆ ಅಂತ ಟ್ಯಾಂಕ್ ಒಳಗೆ ಒಂದು 2 ಕಿಲೋವ್ಯಾಟ್ ಕಾಯಿಲ್ ಇರುತ್ತೆ. ಅದೇ ಬ್ಯಾಕಪ್. ಅದರ ಸ್ವಿಚ್ ನಮ್ಮ ಅಡುಗೆಮನೆ ಬಾಗಿಲ ಪಕ್ಕದಲ್ಲಿದೆ. ಈ ಕಥೆ ಆ ಸ್ವಿಚ್ಚಿಂದೇ.

ಆದರೆ ಶುರುವಾಗಿದ್ದು ಉತ್ತರಹಳ್ಳಿಯಲ್ಲಲ್ಲ, ಅಮೆರಿಕಾದಲ್ಲಿ.

ನಮ್ಮ ದೊಡ್ಡಮ್ಮನ ಮಗಳು, ಅಂದರೆ ನನಗೆ ಅಕ್ಕ, ನಾರ್ತ್ ಕ್ಯಾರೊಲಿನಾದ ಕ್ಯಾರಿ ಅನ್ನೋ ಊರಲ್ಲಿದ್ದಾಳೆ. ಡಿಸೆಂಬರ್ ಮಧ್ಯದಲ್ಲಿ ಒಂದು ರಾತ್ರಿ ವಾಟ್ಸಾಪ್ ಕಾಲ್ ಮಾಡಿದಳು. ಮಗು ತೋರಿಸೋಕೆ ಇರಬೇಕು ಅಂದುಕೊಂಡೆ. "ಲೋ, ನೀನು ಮೆಕ್ಯಾನಿಕಲ್ ಅಲ್ವಾ? ನಮ್ಮನೆ ಹೀಟಿಂಗ್ ಬಿಲ್ ಡಬಲ್ ಬಂದಿದೆ ಕಣೋ. ಮನೆ ಬೆಚ್ಚಗೇ ಇದೆ, ಆದ್ರೂ ಯಾಕೋ ಗೊತ್ತಿಲ್ಲ" ಅಂದಳು. ಯಾರಾದರೂ ಹೀಗೆ ಕೇಳಿದರೆ ನನಗೆ ಎದೆ ಉಬ್ಬುತ್ತೆ. ಥರ್ಮೋ ಇಂಟರ್ನಲ್ಸಲ್ಲಿ ಎಷ್ಟು ಬಂದಿತ್ತು ಅನ್ನೋದು ಅವಳಿಗೆ ಗೊತ್ತಿಲ್ಲವಲ್ಲ.

ಅವಳ ಮನೆ ಬೆಚ್ಚಗಿಡೋದು ಹೀಟ್ ಪಂಪ್. ನಮ್ಮ ಸಿಲಬಸ್ಸಲ್ಲಿ ಎರಡು ಪುಟ ಬರುತ್ತಲ್ಲ, ಅದೇ. ಫ್ರಿಜ್ ಒಳಗಿನ ಶಾಖವನ್ನು ಹೊರಗೆ ಹಾಕುತ್ತೆ. ಹೀಟ್ ಪಂಪ್ ಹೊರಗಿನ ಚಳಿ ಗಾಳಿಯಲ್ಲಿರೋ ಶಾಖವನ್ನೇ ಹೀರಿ ಮನೆ ಒಳಗೆ ತರುತ್ತೆ. ಶಾಖವನ್ನು ಹುಟ್ಟಿಸೋದಿಲ್ಲ, ಸಾಗಿಸುತ್ತೆ. ಅದಕ್ಕೇ ಸಾಧಾರಣ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತೆ. ಎಕ್ಸಾಮಲ್ಲಿ ಬರೆಯೋ ಸಿಓಪಿ ಅಂದರೆ ಇದೇ. ಹೊರಗೆ ಚಳಿ ಜಾಸ್ತಿ ಆದಷ್ಟೂ ಈ ಲೆಕ್ಕ ಕೆಳಗಿಳಿಯುತ್ತೆ. ಆಗ ಸಹಾಯಕ್ಕೆ ಅಂತ ಒಳಗೆ ಎಲೆಕ್ಟ್ರಿಕ್ ಕಾಯಿಲ್‌ಗಳಿರುತ್ತವೆ. ಅವು ನಮ್ಮ ಇಸ್ತ್ರಿಪೆಟ್ಟಿಗೆ ಥರ: ಒಂದು ಯೂನಿಟ್ ಕೊಟ್ಟರೆ ಒಂದೇ ಯೂನಿಟ್ ಶಾಖ.

ನಾನು ಹೇಳಿದೆ: "ಅಕ್ಕ, ಕಾಯಿಲ್ ಸ್ವಲ್ಪ ಹೊತ್ತು ಆನ್ ಆದ್ರೆ ಅದು ತೊಂದರೆ ಅಲ್ಲ. ಹೊರಗಿನ ಯೂನಿಟ್ ಮೇಲೆ ಹಿಮ ಕಟ್ಟಿದಾಗ ಅದು ಕರಗಿಸಿಕೊಳ್ಳೋ ಹೊತ್ತಲ್ಲಿ ಕಾಯಿಲ್ ಬರ್ಲೇಬೇಕು. ನೀವು ರಾತ್ರಿ ಟೆಂಪರೇಚರ್ ಇಳಿಸಿ ಬೆಳಗ್ಗೆ ಒಂದೇ ಸಲ ಏರಿಸಿದ್ರೂ ಬರುತ್ತೆ. ಆದ್ರೆ ಯಾವಾಗಲೂ ಅದೇ ಓಡ್ತಿದ್ರೆ ಕಾಯಿಲ್ ಬಗ್ಗೆ ಯೋಚಿಸ್ಬೇಡ. ಪಂಪ್ ಯಾಕೆ ಓಡ್ತಿಲ್ಲ ಅಂತ ನೋಡು. ಹೊರಗಿನ ಫ್ಯಾನ್ ತಿರುಗ್ತಾ ಇದ್ಯಾ?"

ಜಾಕೆಟ್ ಹಾಕಿಕೊಂಡು ಹೊರಗೆ ಹೋಗಿ ಫೋನ್ ತೋರಿಸಿದಳು. ಫ್ಯಾನ್ ನಿಂತಿತ್ತು. ಅದರ ಮೇಲೆ ಒಣಗಿದ ಎಲೆಗಳು ಆರಾಮಾಗಿ ಕೂತಿದ್ದವು, ಎಷ್ಟೋ ದಿನದಿಂದ ಯಾರೂ ಎಬ್ಬಿಸದವರ ಥರ. ಒಳಗೆ ಬಂದು ಗೋಡೆ ಮೇಲಿನ ಥರ್ಮೋಸ್ಟಾಟ್ ತೋರಿಸು ಅಂದೆ. ಅಲ್ಲಿ "ಎಮರ್ಜೆನ್ಸಿ ಹೀಟ್" ಅಂತ ಇತ್ತು.

ಬಾಣಂತನಕ್ಕೆ ಅಂತ ಹೋಗಿದ್ದ ದೊಡ್ಡಮ್ಮ ಹಿಂದಿನಿಂದ ಇಣುಕಿದರು. "ಅದು ನಾನೇ ಒತ್ತಿದ್ದು. ಮಗೂಗೆ ಎಣ್ಣೆ ನೀರು ಹಾಕೋವಾಗ ಚಳಿ ಆಗ್ತಿತ್ತು. ಹೀಟ್ ಅಂತ ಎರಡು ಇತ್ತು. ಎಮರ್ಜೆನ್ಸಿ ಅಂದ್ರೆ ಜೋರಾಗಿ ಬರುತ್ತೇನೋ ಅಂದ್ಕೊಂಡೆ" ಅಂದರು. ಆ ಮೋಡಲ್ಲಿ ಹೀಟ್ ಪಂಪ್ ಪೂರ್ತಿ ಆಫ್, ಬರೀ ಕಾಯಿಲ್. ಮೂರು ವಾರದಿಂದ ಮನೆ ಕಾಯಿಲ್ ಮೇಲೇ ನಡೀತಿತ್ತು. ಬೆಚ್ಚಗಿದ್ದಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಬಟನ್ ವಾಪಸ್ ಒತ್ತಿದರು. ಹೊರಗಿನ ಫ್ಯಾನ್ ತಿರುಗಿ ಎಲೆಗಳೆಲ್ಲ ಹಾರಿದವು.

ಆ ರಾತ್ರಿ ನಾನು ತುಂಬಾ ಖುಷಿಯಲ್ಲಿ ಮಲಗಿದೆ. ಏಳು ಸಮುದ್ರ ದಾಟಿ ಒಂದು ಮೆಷಿನ್ ರಿಪೇರಿ ಮಾಡಿದ್ದೆ. ನನ್ನ ತಲೆದಿಂಬಿನಿಂದ ಹದಿನೈದು ಅಡಿ ದೂರದಲ್ಲಿ, ಅಡುಗೆಮನೆ ಬಾಗಿಲ ಪಕ್ಕ, ಬೆಳಗಿನ ಜಾವ ನಾಲ್ಕೂವರೆಗೆ ನಮ್ಮ ಸ್ವಿಚ್ ಆನ್ ಆಗೋದು ನನಗೆ ಕೇಳಿಸಲೇ ಇಲ್ಲ.

ಜನವರಿ ಮೊದಲ ವಾರ ಬೆಸ್ಕಾಂ ಬಿಲ್ ಬಂತು. ಗೃಹಜ್ಯೋತಿ ಶುರುವಾದ 2023ರ ಆಗಸ್ಟಿಂದ ನಮ್ಮನೆಗೆ ಹೆಚ್ಚಾಗಿ ಬರ್ತಿದ್ದದ್ದು ಶೂನ್ಯ ಬಿಲ್. ಹಾಸ್ಟೆಲಲ್ಲಿ ಇರೋರಿಗೆ ಇದರ ಲೆಕ್ಕ ಗೊತ್ತಿರಲ್ಲ, ಹೇಳ್ತೀನಿ. 2022–23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದಕ್ಕೆ ಶೇಕಡಾ 10 ಸೇರಿಸಿ ನಿಮ್ಮ ಮಿತಿ ಅಂತ ಇಡ್ತಾರೆ. ಅದರ ಒಳಗಿದ್ದರೆ ದುಡ್ಡಿಲ್ಲ. ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ಮಾತ್ರ ಕಟ್ಟಬೇಕು. ಆದರೆ 200 ಯೂನಿಟ್ ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ನಮ್ಮ ಮಿತಿ 141. ಅಕ್ಟೋಬರಲ್ಲಿ 138 ಬಂದಿತ್ತು. ನವೆಂಬರಲ್ಲಿ 176 ಆಗಿ, ಅಪ್ಪ ಗೊಣಗುತ್ತಾ ಹೆಚ್ಚಿನದಕ್ಕೆ ಕಟ್ಟಿದ್ದರು. ಡಿಸೆಂಬರಲ್ಲಿ 219. ಸಾವಿರದ ಎಂಟುನೂರು ಚಿಲ್ಲರೆ. ತಮಾಷೆ ಅಂದರೆ ಅದೇ ಬಿಲ್ಲಲ್ಲಿ, ಸೋಲಾರ್ ಹಾಕಿಸಿದ್ದಕ್ಕೆ ರಿಬೇಟ್ ಅಂತ 50 ರೂಪಾಯಿ ಕಳೆದಿದ್ದರು.

ಅಪ್ಪ ಒಂದು ಪ್ರೈವೇಟ್ ಕಂಪನಿಯಲ್ಲಿ ಅಕೌಂಟ್ಸ್ ನೋಡ್ತಾರೆ. ಹಳೇ ಬಿಲ್ಲುಗಳನ್ನೆಲ್ಲ ಫೈಲ್ ಮಾಡಿ ಇಡೋ ಮನುಷ್ಯ. ಹಿಂದಿನ ವರ್ಷದ ಡಿಸೆಂಬರ್ ಬಿಲ್ ತೆಗೆದರು: 129. "ತೊಂಬತ್ತು ಯೂನಿಟ್ ಎಲ್ಲಿಗೆ ಹೋಯ್ತು?" ಅಂತ ಕೇಳಿದರು.

ಅಮ್ಮ ಒಗ್ಗರಣೆ ಹಾಕ್ತಾ ಇದ್ದಳು. "ಸೋಲಾರಲ್ಲಿ ನೀರು ಕಾಯ್ತಿಲ್ಲ ಅಲ್ವಾ, ದಿನಾ ಸ್ವಿಚ್ ಹಾಕ್ತಿದೀನಿ" ಅಂದಳು, ಮಾಮೂಲಿ ವಿಷಯ ಹೇಳೋ ಹಾಗೆ.

"ದಿನಾ ಅಂದ್ರೆ?"

"ದಿನಾ ಅಂದ್ರೆ ದಿನಾ. ನಾಲ್ಕೂವರೆಗೆ ಎದ್ದು ಹಾಕ್ತೀನಿ, ಆರಕ್ಕೆ ಆರಿಸ್ತೀನಿ. ನವೆಂಬರಲ್ಲಿ ಮೋಡ ಇತ್ತಲ್ಲ, ಆವಾಗಿಂದ."

ಇಲ್ಲಿ ನಾನು ಮಾಡಿದ ತಪ್ಪನ್ನ ಮುಚ್ಚಿಡದೆ ಬರೀತೀನಿ. ನಾನು ಅಮ್ಮನ ಮೇಲೆ ರೇಗಿದೆ. "ಮೋಡ ಹೋಗಿ ಎಷ್ಟು ದಿನ ಆಯ್ತು? ಸುಮ್ಮನೆ ಅಭ್ಯಾಸ ಆಗಿ ಹಾಕ್ತಿದೀಯ. ಆರಿಸೋದು ಮರೆತಿರ್ತೀಯ" ಅಂದೆ. ಅವಳು ಏನೂ ಹೇಳಲಿಲ್ಲ. ಒಲೆ ಸಣ್ಣ ಮಾಡಿದಳು ಅಷ್ಟೇ.

ಆಮೇಲೆ ರೂಮಿಗೆ ಹೋಗಿ ಲೆಕ್ಕ ಹಾಕಿದೆ. ನಾಲ್ಕು ಜನಕ್ಕೆ ದಿನಕ್ಕೆ ಸುಮಾರು 100 ಲೀಟರ್ ಬಿಸಿನೀರು. 25 ಡಿಗ್ರಿ ಏರಿಸಬೇಕು. 100 ಇಂಟು 4.18 ಇಂಟು 25, ಅಂದರೆ ಸುಮಾರು 10,450 ಕಿಲೋಜೌಲ್. 3600ರಿಂದ ಭಾಗಿಸಿದರೆ 2.9 ಯೂನಿಟ್. 31 ದಿನಕ್ಕೆ 90. ಇನ್ನೊಂದು ದಾರಿಯಲ್ಲಿ ನೋಡಿದೆ: 2 ಕಿಲೋವ್ಯಾಟ್ ಕಾಯಿಲ್ ದಿನಾ ಒಂದೂವರೆ ಗಂಟೆ, 3 ಯೂನಿಟ್, ತಿಂಗಳಿಗೆ 93. ಎರಡೂ ಅಪ್ಪನ ತೊಂಬತ್ತರ ಪಕ್ಕದಲ್ಲೇ ಬಂದು ಕೂತವು.

ಅಂದರೆ ಎರಡು ವಿಷಯ. ಒಂದು, ಅಮ್ಮ ಆರಿಸೋದು ಒಂದು ದಿನವೂ ಮರೆತಿರಲಿಲ್ಲ. ಎರಡು, ಡಿಸೆಂಬರ್ ಪೂರ್ತಿ ನಮ್ಮ ಸ್ನಾನದ ನೀರನ್ನೆಲ್ಲ ಕಾಯಿಸಿದ್ದು ಕರೆಂಟೇ. ಸೂರ್ಯ ಏನೂ ಕೊಟ್ಟಿರಲಿಲ್ಲ.

ಅಕ್ಕನ ಮನೆಯಲ್ಲಿ ಫ್ಯಾನ್ ನಿಂತಿದೆಯಾ ಅಂತ ಕೇಳಿದವನು ನಮ್ಮ ಮನೆಯಲ್ಲಿ ಏನು ನಿಂತಿದೆ ಅಂತ ಒಂದು ಸಲಾನೂ ಕೇಳಿರಲಿಲ್ಲ.

ಅಪ್ಪ ಮಾರನೇ ದಿನ ಆಫೀಸಿಂದ ಬರುವಾಗ ಒಬ್ಬ ಸೋಲಾರ್ ರಿಪೇರಿಯವರನ್ನ ಕರೆದುಕೊಂಡು ಬಂದರು. ಸಂಜೆ ಆರೂವರೆ. ಮೊಬೈಲ್ ಟಾರ್ಚ್ ಹಿಡಿದು ಅವರು ಪ್ಯಾನೆಲ್ ತಟ್ಟಿದರು, ಪೈಪ್ ಮುಟ್ಟಿದರು. "ಎಷ್ಟು ವರ್ಷ ಆಯ್ತು ಸಾರ್? ಹತ್ತು ದಾಟಿದ್ಯಾ? ಬೋರ್ ನೀರಲ್ವಾ, ಒಳಗೆಲ್ಲ ಸುಣ್ಣ ಕಟ್ಟಿರುತ್ತೆ. ಕ್ಲೀನ್ ಮಾಡಿದ್ರೂ ಗ್ಯಾರಂಟಿ ಇಲ್ಲ. ಹೊಸದು ಹಾಕಿಸ್ಬಿಡಿ" ಅಂದರು. 38 ಸಾವಿರ. ಅವರು ಹೇಳಿದ್ದು ಸುಳ್ಳೇನಲ್ಲ. ಗಡಸು ನೀರು ಬರೋ ಕಡೆ ತಾಮ್ರದ ಪೈಪಲ್ಲಿ ಸುಣ್ಣ ಕಟ್ಟಿ ನೀರು ಸುತ್ತೋದೇ ನಿಲ್ಲೋದುಂಟು. ಅಪ್ಪ ತಲೆಯಾಡಿಸಿದರು. ಮನೆಯಲ್ಲಿ 38 ಸಾವಿರ ಇದ್ದಿದ್ದು ಒಂದೇ ಕಡೆ: ನನ್ನ ಲ್ಯಾಪ್‌ಟಾಪಿಗೆ ಅಂತ ಎತ್ತಿಟ್ಟಿದ್ದ ದುಡ್ಡು. ಅಪ್ಪ ನನ್ನ ಮುಖ ನೋಡಲಿಲ್ಲ. "ಭಾನುವಾರ ಹೇಳ್ತೀನಿ" ಅಂತ ಅವರನ್ನ ಕಳಿಸಿದರು.

ನನಗೆ ನಾಲ್ಕು ದಿನ ಇತ್ತು. ಎಸ್‌ಪಿ ರೋಡಲ್ಲಿ ಹಿಂದೆ ತಂದಿಟ್ಟಿದ್ದ ಒಂದು ಡಿಜಿಟಲ್ ಥರ್ಮಾಮೀಟರ್ ಇತ್ತು, ವೈರ್ ತುದಿಯಲ್ಲಿ ಪ್ರೋಬ್ ಇರೋದು. ಕಾಲೇಜಿಂದ ಬಂದ ಮೇಲೆ ಪ್ಯಾನೆಲ್ ಗಾಜು ತೊಳೆದೆ. ಬಕೆಟ್ ನೀರೆಲ್ಲ ಕೆಂಪಾಯಿತು, ಅಷ್ಟು ಧೂಳು. ಇದೇ ಇರಬೇಕು ಅಂದುಕೊಂಡೆ. ಮಾರನೇ ದಿನವೂ ನೀರು ತಣ್ಣಗೇ. ಬಾತ್‌ರೂಮಿನ ಮಿಕ್ಸರಲ್ಲಿ ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗುತ್ತಿದೆಯಾ ಅಂತ ನೋಡಿದೆ, ಇಲ್ಲ. ಟ್ಯಾಂಕ್ ಮೇಲಿನ ಗಾಳಿ ಪೈಪ್ ಕಟ್ಟಿದೆಯಾ ಅಂತ ನೋಡಿದೆ, ಇಲ್ಲ.

ಹಾಗಾದರೆ ಕಾಯಿಲ್ ಇಲ್ಲದೆ ಬೆಳಗ್ಗೆ ಟ್ಯಾಂಕಲ್ಲಿ ನೀರು ಎಷ್ಟು ಡಿಗ್ರಿ ಇರುತ್ತೆ ಅಂತ ಅಳೆಯಬೇಕು. ಗುರುವಾರ ರಾತ್ರಿ ಕಾಯಿಲ್ಲಿನ ಎಂಸಿಬಿ ಇಳಿಸಿ ಮಲಗಿದೆ. ಯಾರಿಗೂ ಹೇಳಲಿಲ್ಲ. ನಾಲ್ಕಕ್ಕೆ ಎದ್ದು ಅಳೆದು ಮತ್ತೆ ಎಂಸಿಬಿ ಏರಿಸೋದು ಅಂತ ಪ್ಲಾನ್. ಅಲಾರಂ ಆಫ್ ಮಾಡಿ ಮಲಗಿಬಿಟ್ಟೆ.

ಎಚ್ಚರ ಆದಾಗ ಆರೂಕಾಲು. ಮನೆಯಲ್ಲಿ ಏನೋ ಗಲಾಟೆ. ಅಮ್ಮ ಎಂದಿನಂತೆ ಸ್ವಿಚ್ ಹಾಕಿದ್ದಳು. ಕೆಂಪು ಲೈಟ್ ಹತ್ತಲಿಲ್ಲ. ಲೈಟ್ ಹೋಗಿರಬೇಕು ಅಂದುಕೊಂಡು ತನ್ನ ಕೆಲಸಕ್ಕೆ ಹೋಗಿದ್ದಳು. ಐದೂವರೆಗೆ ಅಜ್ಜಿ ಸ್ನಾನಕ್ಕೆ ಹೋಗಿದ್ದಾಳೆ. ನೀರು ತಣ್ಣಗಿದೆ. ಅಜ್ಜಿಗೆ ಎಪ್ಪತ್ತಾರು. ಪೂಜೆಗೆ ಮುಂಚೆ ಸ್ನಾನ ಆಗಲೇಬೇಕು. ಮನೆಯವರನ್ನ ಕೂಗಿ ಎಬ್ಬಿಸೋದು ಬೇಡ ಅಂತ ಜನವರಿ ಚಳಿಯಲ್ಲಿ ಆ ತಣ್ಣೀರನ್ನೇ ಹುಯ್ದುಕೊಂಡಿದ್ದಾಳೆ. ನಾನು ಹಾಲಿಗೆ ಬಂದಾಗ ಎರಡು ಶಾಲು ಹೊದ್ದು ಕೂತಿದ್ದಳು, ಕೈ ನಡುಗ್ತಾ ಇತ್ತು. ಅಮ್ಮ ಅಂಗಾಲು ತಿಕ್ಕುತ್ತಿದ್ದಳು.

ಎಂಸಿಬಿ ಇಳಿಸಿದ್ದು ನಾನು ಅಂತ ಹೇಳಿದೆ. ಅಪ್ಪ ಬೈಯಲಿಲ್ಲ. "ಎಕ್ಸ್‌ಪೆರಿಮೆಂಟ್ ಮಾಡೋಕೆ ನಿಮ್ಮಜ್ಜಿನೇ ಬೇಕಿತ್ತಾ?" ಅಂತ ಒಂದೇ ಮಾತು ಹೇಳಿ ಆಫೀಸಿಗೆ ಹೊರಟರು. ಬೈದಿದ್ದರೆ ವಾಸಿ ಇತ್ತು. ಅವತ್ತು ಟ್ಯಾಂಕಿಂದ ಬಂದ ನೀರು 24 ಡಿಗ್ರಿ. ಪಕ್ಕದ ಓವರ್‌ಹೆಡ್ ಟ್ಯಾಂಕಿನ ತಣ್ಣೀರು 21. ಆ ಮೂರು ಡಿಗ್ರಿಯ ರೀಡಿಂಗ್ ನನ್ನ ನೋಟ್‌ಬುಕ್ಕಲ್ಲಿ ಈಗಲೂ ಇದೆ, ಅಜ್ಜಿಯ ಹೆಸರಲ್ಲಿ.

ಕಾಲೇಜಿಗೆ ರಜೆ ಹಾಕಿದೆ. ಹನ್ನೊಂದು ಗಂಟೆಗೆ ಅಜ್ಜಿ "ಮೇಲೆ ಕರ್ಕೊಂಡ್ ಹೋಗು, ಸ್ವಲ್ಪ ಬಿಸಿಲು ಕಾಯಿಸ್ಕೋತೀನಿ" ಅಂದಳು. ಚಳಿಗಾಲದಲ್ಲಿ ದಿನಾ ಅವಳು ಕಂಬಿ ಹಿಡ್ಕೊಂಡು ಟೆರೇಸಿಗೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಗಂಟೆ ಕೂರ್ತಾಳೆ. ನಾನು ಯಾವತ್ತೂ ಜೊತೆಗೆ ಹೋದವನಲ್ಲ. ಆ ಕುರ್ಚಿ ಯಾವಾಗಲೂ ಸೋಲಾರ್ ಪ್ಯಾನೆಲ್ ಪಕ್ಕ, ದಕ್ಷಿಣದ ಪ್ಯಾರಪೆಟ್ ಹತ್ತಿರ ಇರೋದು ಅಂತ ನನಗೆ ನೆನಪು. ಅವತ್ತು ಅದು ಉತ್ತರದ ಮೂಲೆಯಲ್ಲಿ, ಓವರ್‌ಹೆಡ್ ಟ್ಯಾಂಕಿನ ಪಕ್ಕ ಇತ್ತು.

"ಯಾಕಜ್ಜಿ ಕುರ್ಚಿ ಇಲ್ಲಿ ತಂದಿಟ್ಟಿದೀಯ?"

"ಅಲ್ಲಿ ಬಿಸಿಲೆಲ್ಲಿದೆಯೋ? ಆ ಮನೆ ಎದ್ಮೇಲೆ ದೀಪಾವಳಿಯಿಂದ ಅಲ್ಲಿ ನೆರಳೇ. ನಾನು ದಿನಾ ಸ್ವಲ್ಪ ಸ್ವಲ್ಪ ಈಚೆ ಎಳ್ಕೊಂಡ್ ಬಂದೆ."

ತಿರುಗಿ ನೋಡಿದೆ. ಪಕ್ಕದ ಸೈಟು ನಾನು ಸಣ್ಣವನಿದ್ದಾಗಿಂದ ಖಾಲಿ. ಟೆರೇಸಿಂದ ಆ ಕಡೆ ನೋಡಿದರೆ ದೂರದಲ್ಲಿ ತುರಹಳ್ಳಿ ಕಾಡಿನ ಹಸಿರು ಕಾಣ್ತಿತ್ತು. ಹೋದ ವರ್ಷ ಅಲ್ಲಿ ಮನೆ ಶುರುವಾಯಿತು, ಮಳೆಗಾಲದಲ್ಲಿ ಕೊನೆಯ ಮೋಲ್ಡ್ ಹಾಕಿದರು. ನಮ್ಮ ಟೆರೇಸಿಗಿಂತ ಎರಡು ಫ್ಲೋರ್ ಎತ್ತರ. ಅದರ ನೆರಳು ನಮ್ಮ ಟೆರೇಸ್ ಮೇಲೆ ಒಂದು ಗೆರೆ ಎಳೆದ ಹಾಗೆ ಬಿದ್ದಿತ್ತು. ಪ್ಯಾನೆಲ್ ಪೂರ್ತಿ ಆ ಗೆರೆಯ ಒಳಗಿತ್ತು. ಹೊಳೀತಿದ್ದ ನಾನು ತೊಳೆದ ಗಾಜು ಈಗ ಕಪ್ಪಗೆ, ತಣ್ಣಗೆ ಇತ್ತು. ಕೈ ಇಟ್ಟು ನೋಡಿದೆ.

ನಾನು ಗಾಜು ತೊಳೆದಿದ್ದು ಸಂಜೆ. ರಿಪೇರಿಯವರು ಬಂದಿದ್ದು ಸಂಜೆ. ಅಪ್ಪ ನೋಡಿದ್ದು ಟಾರ್ಚ್ ಬೆಳಕಲ್ಲಿ. ಸೋಲಾರ್ ಯಾಕೆ ಕೆಟ್ಟಿದೆ ಅಂತ ನೋಡೋಕೆ ನಾವೆಲ್ಲ ಹೋಗಿದ್ದು ಸೂರ್ಯ ಇಲ್ಲದ ಹೊತ್ತಲ್ಲಿ.

ಆಮೇಲಿನದು ಬರೀ ಜಾಮೆಟ್ರಿ. ಬೆಂಗಳೂರು ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ 21ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೇ ಹೋಗಿರುತ್ತಾನೆ. ಆಗ ದಕ್ಷಿಣದ ಕಟ್ಟಡದ ಮಧ್ಯಾಹ್ನದ ನೆರಳು ನಮ್ಮ ಕಡೆ ಬೀಳೋದೇ ಇಲ್ಲ. ಡಿಸೆಂಬರ್ 21ರ ಹೊತ್ತಿಗೆ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನವೂ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ 6 ಮೀಟರ್ ಎತ್ತರದ ಗೋಡೆಗೆ ಉತ್ತರದ ಕಡೆ ಸುಮಾರು 4.4 ಮೀಟರ್ ನೆರಳು. ನಮ್ಮ ಪ್ಯಾನೆಲ್ ಆ ಗೋಡೆಯಿಂದ ಮೂರೇ ಮೀಟರ್ ದೂರ. ಅಕ್ಟೋಬರಲ್ಲಿ ನೆರಳು ಪ್ಯಾನೆಲ್ ಮುಟ್ಟಿರಲಿಲ್ಲ, ನವೆಂಬರಲ್ಲಿ ಅರ್ಧ ಮುಚ್ಚಿತು, ಡಿಸೆಂಬರಲ್ಲಿ ಪೂರ್ತಿ. 138, 176, 219. ಅಪ್ಪನ ಫೈಲಲ್ಲಿದ್ದ ಮೂರು ಬಿಲ್ಲು ಅಂದರೆ ಆ ನೆರಳಿನ ಗ್ರಾಫ್.

ಇದರಲ್ಲಿ ನನಗೆ ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಭಾನುವಾರ ನಾವು 38 ಸಾವಿರ ಕೊಟ್ಟು ಅದೇ ಜಾಗದಲ್ಲಿ ಹೊಸ ಸಿಸ್ಟಮ್ ಹಾಕಿಸಿದ್ದೆವು ಅಂದುಕೊಳ್ಳಿ. ಒಂದೆರಡು ವಾರ ನೀರು ಕಾಯ್ತಿರಲಿಲ್ಲ, ಸೆಟ್ ಆಗ್ಬೇಕು ಅಂತಿದ್ದರು. ಫೆಬ್ರವರಿ ಹೊತ್ತಿಗೆ ಸೂರ್ಯ ಮೇಲೇರಿ ನೆರಳು ಹಿಂದೆ ಸರಿದು, ನೀರು ಕಾಯೋಕೆ ಶುರು ಆಗ್ತಿತ್ತು. ಹೊಸದು ಹಾಕಿಸಿದ್ದು ಒಳ್ಳೇದಾಯ್ತು ಅಂತ ನಾವೆಲ್ಲ ಖುಷಿ ಪಡ್ತಿದ್ದೆವು. ಮತ್ತೆ ನವೆಂಬರ್ ಬಂದಾಗ ಅಮ್ಮ ನಾಲ್ಕೂವರೆಗೆ ಎದ್ದು ಸ್ವಿಚ್ ಹಾಕ್ತಿದ್ದಳು.

ಪಕ್ಕದ ಮನೆಯವರ ಮೇಲೆ ನಮಗೆ ಸಿಟ್ಟೇನಿಲ್ಲ. ಅವರ ಸೈಟಲ್ಲಿ ಅವರು ಕಟ್ಟಿದ್ದಾರೆ. ನಮ್ಮ ಕಟ್ಟಡದ ನೆರಳೂ ಉತ್ತರದ ಮನೆಯ ಮೇಲೆ ಬೀಳುತ್ತೆ, ಅದನ್ನ ನಾವು ಯಾವತ್ತೂ ಯೋಚಿಸಿದ್ದಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಪ್ಯಾನೆಲ್ಲೂ ಟ್ಯಾಂಕೂ ಜಾಗ ಬದಲಾಯಿಸಿದವು. ಬೇರೆ ಪ್ಲಂಬರ್ ಬಂದರು, ಜೊತೆಗೆ ಇಬ್ಬರು ಹುಡುಗರು, ನಾನು. ನೀರೆಲ್ಲ ಖಾಲಿ ಮಾಡಿ, ಪೈಪ್ ಬಿಚ್ಚಿ, ಟೆರೇಸಿನ ಉತ್ತರದ ಕಡೆಗೆ ಎತ್ತಿಟ್ಟೆವು. ಅಲ್ಲಿ ಒಂದು ಷರತ್ತು ಇತ್ತು: ತಣ್ಣೀರಿನ ಓವರ್‌ಹೆಡ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು, ಇಲ್ಲದಿದ್ದರೆ ಟ್ಯಾಂಕ್ ಪೂರ್ತಿ ತುಂಬಲ್ಲ. ಅಳೆದು ನೋಡಿ ಸ್ಟ್ಯಾಂಡ್ ಒಂದು ಇಂಚು ತಗ್ಗಿಸಬೇಕಾಯಿತು. ಪೈಪು, ಫಿಟ್ಟಿಂಗು, ಮೇಲೆ ಸುತ್ತೋ ಫೋಮು, ಕೂಲಿ ಎಲ್ಲ ಸೇರಿ ಏಳೂವರೆ ಸಾವಿರ. ಪೈಪ್ ಉದ್ದ ಆಗಿದ್ದರಿಂದ ಈಗ ಬಿಸಿನೀರು ಬರೋಕೆ ಮುಂಚೆ ಅರ್ಧ ಬಕೆಟ್ ತಣ್ಣೀರು ಬರುತ್ತೆ. ಅದನ್ನ ಅಮ್ಮ ಗಿಡಕ್ಕೆ ಹಾಕ್ತಾಳೆ. ಪೈಪ್ ಬಿಚ್ಚಿದಾಗ ಒಳಗೆ ಸುಣ್ಣ ಕಟ್ಟಿದ್ದೂ ಕಾಣಿಸಿತು, ಆದರೆ ನೀರು ಹರಿಯೋಕೆ ಜಾಗ ಇತ್ತು. ಮೊದಲು ಬಂದವರು ಪೂರ್ತಿ ತಪ್ಪು ಹೇಳಿರಲಿಲ್ಲ, ಮುಖ್ಯವಾದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ.

ಮೂರನೇ ದಿನ ಸಂಜೆ ನಾಲ್ಕಕ್ಕೆ ಪ್ರೋಬ್ ಇಟ್ಟೆ. 56 ಡಿಗ್ರಿ, ಕಾಯಿಲ್ ಇಲ್ಲದೆ.

ನಿಮ್ಮ ಮನೆಯಲ್ಲೂ ಸೋಲಾರ್ ಇದ್ದರೆ ಈ ವೀಕೆಂಡ್ ಒಂದು ಕೆಲಸ ಮಾಡಿ. ಬೆಳಗ್ಗೆ ಎಲ್ಲರ ಸ್ನಾನ ಆದ ಮೇಲೆ, ಮನೆಯಲ್ಲಿ ಎಲ್ಲರಿಗೂ ಹೇಳಿ, ಬ್ಯಾಕಪ್ ಆಫ್ ಮಾಡಿ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಟೆರೇಸಿಗೆ ಹೋಗಿ ಪ್ಯಾನೆಲ್ ಮೇಲೆ ನೆರಳಿದೆಯಾ ನೋಡಿ. ಮಧ್ಯಾಹ್ನ ಪ್ಯಾನೆಲ್ಲಿಂದ ಟ್ಯಾಂಕಿಗೆ ಹೋಗೋ ಮೇಲಿನ ಪೈಪನ್ನ ಹುಷಾರಾಗಿ ಮುಟ್ಟಿ. ಅದು ಸುಡ್ತಾ ಇರಬೇಕು, ಕೆಳಗಿನ ಪೈಪ್ ಅದಕ್ಕಿಂತ ತಣ್ಣಗಿರಬೇಕು. ಒಳ್ಳೇ ಬಿಸಿಲಿದ್ದೂ ಮೇಲಿನದು ತಣ್ಣಗಿದ್ದರೆ ಸುಣ್ಣವೋ, ಗಾಳಿ ಸಿಕ್ಕಿಕೊಂಡಿದೆಯೋ, ಟ್ಯಾಂಕಲ್ಲಿ ನೀರೇ ಕಮ್ಮಿಯೋ ನೋಡಿಸಿ. ಸಂಜೆ ಟ್ಯಾಂಕ್ ಬಿಸಿ ಇದ್ದು ಬೆಳಗ್ಗೆ ತಣ್ಣಗಾಗಿದ್ದರೆ ಎಲ್ಲೋ ಮಿಕ್ಸರಲ್ಲಿ ತಣ್ಣೀರು ಸೇರ್ತಿರಬಹುದು. ಕಾಯಿಲ್ ಮುಚ್ಚಳ ಮಾತ್ರ ನೀವೇ ಬಿಚ್ಚಬೇಡಿ, ಎಲೆಕ್ಟ್ರಿಷಿಯನ್ ಕರೀರಿ. ಇದೆಲ್ಲಕ್ಕಿಂತ ಮೊದಲು, ದಿನಾ ಆ ಸ್ವಿಚ್ ಹಾಕೋರು ಯಾರು ಅಂತ ಕೇಳಿ. ಅವರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತೆ.

ಅಕ್ಕನ ಮನೆಯಲ್ಲಿ ಕಾಯಿಲ್ ಮೂರು ವಾರ ಓಡಿದ್ದು ಕಾಣಿಸಲಿಲ್ಲ, ಯಾಕಂದರೆ ಮನೆ ಬೆಚ್ಚಗಿತ್ತು. ನಮ್ಮನೆಯಲ್ಲಿ ಎರಡು ತಿಂಗಳು ಕಾಣಿಸಲಿಲ್ಲ, ಯಾಕಂದರೆ ಬಿಸಿನೀರು ಬರ್ತಾನೇ ಇತ್ತು. ನಾನು ಏಳೂವರೆಗೆ ಎದ್ದು ನಲ್ಲಿ ತಿರುಗಿಸಿದರೆ ಹಬೆ ಬರ್ತಿತ್ತು, ಅಷ್ಟು ಸಾಕಾಗಿತ್ತು ನನಗೆ. ಅದಕ್ಕೋಸ್ಕರ ಒಬ್ಬರು ಒಂದು ಗಂಟೆ ಮುಂಚೆ ಏಳ್ತಿದ್ದಾರೆ ಅಂತ ಬಿಲ್ಲಲ್ಲಿ ಬರೆದಿರಲಿಲ್ಲ.

ಅಮ್ಮನ ಹತ್ತಿರ ಸಾರಿ ಕೇಳಿದೆ. "ಸರಿ ಬಿಡೋ, ಅಕ್ಕಿ ತೊಳಿ" ಅಂದಳು. ಸಿಸ್ಟಮ್ ಸರಿಯಾದ ಮೇಲೂ ಒಂದು ವಾರ ಅವಳಿಗೆ ನಾಲ್ಕೂವರೆಗೇ ಎಚ್ಚರ ಆಗ್ತಿತ್ತು. ಎದ್ದು ಸ್ವಿಚ್ ಹತ್ತಿರ ಹೋಗಿ, ನೆನಪಾಗಿ ವಾಪಸ್ ಬಂದು ಮಲಗ್ತಿದ್ದಳಂತೆ. ಈಗ ಐದೂವರೆಗೆ ಏಳ್ತಾಳೆ. ಅಜ್ಜಿಯ ಶೀತ ನಾಲ್ಕು ದಿನಕ್ಕೆ ಹೋಯಿತು.

ಆದರೆ ಅಜ್ಜಿಗೆ ನನ್ನ ಮೇಲೆ ಈಗ ಬೇರೆ ಕಂಪ್ಲೇಂಟ್ ಇದೆ. ಟೆರೇಸಲ್ಲಿ ಇಡೀ ದಿನ ಬಿಸಿಲು ಬೀಳೋ ಜಾಗ ಯಾವುದು ಅಂತ ಹುಡುಕೋಕೆ ನಾನು ಹೆಚ್ಚು ಕಷ್ಟ ಪಡಲಿಲ್ಲ. ಅವಳ ಕುರ್ಚಿ ಇದ್ದ ಜಾಗಕ್ಕೇ ಪ್ಯಾನೆಲ್ ತಂದಿಟ್ಟಿದ್ದೇವೆ. "ಹುಡುಕಿ ಹುಡುಕಿ ಒಂದು ಜಾಗ ಮಾಡ್ಕೊಂಡಿದ್ದೆ, ಅದನ್ನೂ ಕಿತ್ಕೊಂಡ್ಯಲ್ಲೋ" ಅಂತಾಳೆ. ಮಧ್ಯಾಹ್ನ ಕಾಲೇಜಿಲ್ಲದ ದಿನ ನಾನೇ ಮೇಲೆ ಹೋಗಿ ಅವಳ ಕುರ್ಚಿಯನ್ನ ಬಿಸಿಲಿದ್ದ ಕಡೆಗೆ ಎಳೆದು ಹಾಕಿ ಬರ್ತೀನಿ.